ಕೆಂಪು ಶರಭ, ನೀಲಿ ಮಕರ: ಶ್ರೀ ಕರಿಬಸಯ್ಯನವರ ನಕ್ಷತ್ರಪಾಠ

ಜಟೆಯಲ್ಲಿ ಚಂದ್ರಕಲೆಯನ್ನು ಧರಿಸಿ, ಉರಿಯುವ ಜ್ಯೋತಿಗಳನ್ನೆಲ್ಲ ಆಕಾಶದಲ್ಲಿ ಚೆಲ್ಲಿ, ಮಸ್ಕಿಯ ಬೆಟ್ಟದ ಮೇಲೆ ಮೌನವಾಗಿ ನೆಲೆಸಿರುವ ಮಲ್ಲಿಕಾರ್ಜುನನಿಗೆ ಮೊದಲ ನಮಸ್ಕಾರ. ಪ್ರೀತಿಯಿಂದ ಮಾಡಿದ ತಪ್ಪಿನ ತೂಕವನ್ನು ಅವನೊಬ್ಬನೇ ಬಲ್ಲನು.

ರಾಯಚೂರು ಸೀಮೆಯ ವಿಜ್ಞಾನ ಬೋಧಕರಲ್ಲಿ ಶ್ರೀ ಕರಿಬಸಯ್ಯನವರ ಸ್ಥಾನ ವಿಶಿಷ್ಟವಾದುದು. ಮಠದಲ್ಲಿ ಪುರಾಣಗಳನ್ನೂ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಓದಿದ ಅವರು ಎರಡನ್ನೂ ಒಂದೇ ಶ್ರದ್ಧೆಯಿಂದ ನಂಬಿದವರು. ಲಿಂಗಸುಗೂರಿನಲ್ಲಿ ಸೇವೆಯನ್ನಾರಂಭಿಸಿ 1983ರಲ್ಲಿ ಮಸ್ಕಿಯ ಪ್ರೌಢಶಾಲೆಯೊಂದಕ್ಕೆ ಬಂದಾಗ ಅಲ್ಲಿ ದೂರದರ್ಶಕವಿರಲಿಲ್ಲ, ಪಟಗಳಿರಲಿಲ್ಲ. ನಾಲ್ಕು ಬಣ್ಣದ ಸೀಮೆಸುಣ್ಣಗಳಿದ್ದವು. ಅವುಗಳಿಂದಲೇ ಅವರು ನಕ್ಷತ್ರಗಳಿಗೆ ಪುರಾಣದ ಮೃಗಪಕ್ಷಿಗಳ ಹೆಸರಿನಲ್ಲಿ ಹೊಸ ಕುಲಗಳನ್ನು ಸೃಷ್ಟಿಸಿದರು. ವಯಸ್ಸಾಗಿ ಉಬ್ಬಿ, ಬಿಸಿ ಕಳೆದುಕೊಂಡರೂ ಗರ್ಜನೆ ಬಿಡದ ನಕ್ಷತ್ರ ‘ಕೆಂಪು ಶರಭ’. ಗಬಗಬನೆ ತಿಂದು ಎಳೆಯ ವಯಸ್ಸಿನಲ್ಲೇ ಸಾಯುವ ಹೊಟ್ಟೆಬಾಕ ‘ನೀಲಿ ಮಕರ’. ಹೊತ್ತಿಗೆ ಸರಿಯಾಗಿ ಉಂಡು ಸಂಸಾರ ತೂಗಿಸುವ ನಮ್ಮ ಸೂರ್ಯ ‘ಹಳದಿ ಯಾಳಿ’. ಸತ್ತ ನಕ್ಷತ್ರದ ಪುಟ್ಟದಾದ, ಅತಿಭಾರದ ಅವಶೇಷ ‘ಬಿಳಿ ಗಂಡಭೇರುಂಡದ ತತ್ತಿ’.

“ಆ ತತ್ತಿ ಎತ್ತಾಕ ಬಳಗಾನೂರಿನ ಎತ್ತೆಲ್ಲಾ ಕಟ್ಟಿದ್ರೂ ಆಗಂಗಿಲ್ಲ” ಎಂದು ಅವರು ಹೇಳಿದರೆ, ಆ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿ ಶೇಖಮ್ಮ, “ನಮ್ಮ ಎತ್ತ ಯಾಕ್ರೀ ಸರ, ಮಸ್ಕಿ ಎತ್ತಿಗೇನು ರೋಗ?” ಎನ್ನುವಳು. ತರಗತಿಯೆಲ್ಲ ನಗುವುದು.

ಶೇಖಮ್ಮನ ತಾಯಿ ಯಮನಮ್ಮ ನಿರಾಶ್ರಿತರ ನೆಲೆಯಾದ ಆರ್.ಎಚ್. ಕ್ಯಾಂಪಿನ ಗದ್ದೆಗಳಲ್ಲಿ ಭತ್ತದ ಸಸಿ ನಾಟುವ ಕೂಲಿಯವಳು. ಮಗಳು ಹತ್ತನೆಯ ತರಗತಿಯನ್ನು ಒಂದೇ ಸಲಕ್ಕೆ ಪಾಸಾದರೆ ನರ್ಸ್ ತರಬೇತಿ, ಇಲ್ಲವಾದರೆ ತಾಯಿಯೊಡನೆ ಗದ್ದೆ ಎಂದು ಮನೆಯಲ್ಲಿ ಮಾತಾಗಿತ್ತು. “ಆಕಿ ಪಾಸಾಗ್ತಾಳ, ನನಗ ಬಿಡ್ರಿ” ಎಂದು ಆ ಮಾತಿಗೆ ಒಪ್ಪಿಗೆ ಕೊಟ್ಟವರು ಕರಿಬಸಯ್ಯನವರೇ.

1987ರ ಪಬ್ಲಿಕ್ ಪರೀಕ್ಷೆಯಲ್ಲಿ ನಕ್ಷತ್ರಗಳ ಬಗೆಗಳ ಮೇಲೆ ನಾಲ್ಕು ಅಂಕಗಳ ಪ್ರಶ್ನೆ ಬಂದಿತು. ಪಠ್ಯಪುಸ್ತಕ ನಕ್ಷತ್ರಗಳಿಗೆ ಕೊಟ್ಟ ಹೆಸರುಗಳನ್ನು ಕರಿಬಸಯ್ಯನವರು ವರ್ಷದಲ್ಲಿ ಒಂದೇ ಸಲ ಅವಸರದಿಂದ ಬರೆಸಿದ್ದರು. ಹದಿಮೂರು ಮಕ್ಕಳು ಶರಭ ಮಕರಗಳನ್ನೇ ಚಿತ್ರಸಹಿತ ಬರೆದು ಬಂದು ಹೆಮ್ಮೆಯಿಂದ ಒಪ್ಪಿಸಿದಾಗ ಅವರ ಮುಖ ಕಪ್ಪಿಟ್ಟಿತು. ಆ ಉತ್ತರಕ್ಕೆ ಸೊನ್ನೆ ಬಂದರೂ ಹನ್ನೆರಡು ಮಂದಿ ಉಳಿದ ಅಂಕಗಳ ಬಲದಿಂದ ದಾಟಿದರು. ಶೇಖಮ್ಮನಿಗೆ ಪಾಸಾಗಲು ಮೂರು ಅಂಕ ಕಡಿಮೆಯಾದವು.

ಲಿಂಗಸುಗೂರಿನಲ್ಲಿದ್ದ ಹಿರಿಯ ಮೌಲ್ಯಮಾಪಕ, ಮಿತ್ರ ಜಂಗ್ಲಿಸಾಬರ ಬಳಿಗೆ ಆ ಅಂಕಗಳನ್ನು ಕೇಳಲು ಅವರು ಓಡಿದರು.

“ಪುಸ್ತಕದಾಗ ಕೆಂಪು ದೈತ್ಯ ಅಂತ ಐತಿ. ದೈತ್ಯನ್ನ ಯಾರು ನೋಡ್ಯಾರ್ರೀ? ಅವ ಇರಬಹುದಾದ್ರ ಶರಭ ಯಾಕ ಇರಬಾರದು?”

“ಯಾರೂ ನೋಡಿಲ್ಲ, ಅಯ್ಯನವರ” ಎಂದರು ಜಂಗ್ಲಿಸಾಬರು. “ಆದ್ರ ದೈತ್ಯ ಪುಸ್ತಕದಾಗ ಅದಾನ. ನಿಮ್ಮ ಶರಭ ಬರೇ ಬೋರ್ಡಿನ ಮ್ಯಾಲ ಐತಿ.”

ಅಲ್ಲಿಂದ ಕರಿಬಸಯ್ಯನವರು ಬಳಗಾನೂರಿಗೆ ಹೋದರು. ಯಮನಮ್ಮ ನೀರು ಕೊಟ್ಟಳು, ಬೈಯಲಿಲ್ಲ. ಇನ್ನೊಮ್ಮೆ ಪರೀಕ್ಷೆಗೆ ಕೂಡಿಸಿರೆಂದು ಬೇಡಿಕೊಂಡಾಗ, “ಒಂದ ಸಲ ಅಂತ ಮಾತಾಗಿತ್ತಲ್ರೀ ಸರ, ನೀವ ಮುಂದ ನಿಂತು” ಎಂದಳು.

“ನಾ ಬರೆದಿದ್ದು ತಪ್ಪೇನ್ರೀ?” ಎಂದು ಶೇಖಮ್ಮ ಕೇಳಿದಳು.

“ಇಲ್ಲವ್ವ.”

“ಮತ್ತ ಸೊನ್ನೆ ಯಾಕ್ರೀ?”

ಆಮೇಲೆ ಕರಿಬಸಯ್ಯನವರು ನಾಲ್ಕು ವರ್ಷ, ವರ್ಷಕ್ಕೊಮ್ಮೆ, ಪರೀಕ್ಷೆಯ ಫಾರಂ ಹಿಡಿದು ಆ ಮನೆಗೆ ಹೋದರು. ನಾಲ್ಕನೆಯ ಸಲ ಶೇಖಮ್ಮ ಕೆಸರುಗಾಲಿನಲ್ಲೇ ಬಾಗಿಲಿಗೆ ಬಂದು, “ಇನ್ನ ಬರಬ್ಯಾಡ್ರಿ ಸರ. ನೀವು ಬಂದು ಹೋದ್ರ ನಮ್ಮವ್ವ ಎರಡು ದಿನ ಉಣ್ಣಂಗಿಲ್ಲ” ಎಂದಳು. ಅವರು ಮತ್ತೆ ಹೋಗಲಿಲ್ಲ.

ಸಿಂಧನೂರಿಗೆ ವರ್ಗವಾದ ಮೇಲೂ ನಿವೃತ್ತಿಯವರೆಗೆ ಪುಸ್ತಕದ ಅಕ್ಷರವನ್ನು ಮೀರಿ ಒಂದು ಮಾತನ್ನೂ ಅವರು ಕಲಿಸಲಿಲ್ಲ. ಅವರ ವಿಷಯದಲ್ಲಿ ಯಾರೂ ನಪಾಸಾಗಲಿಲ್ಲ, ಯಾರೂ ನಗಲೂ ಇಲ್ಲ. ಫಲಿತಾಂಶ ನೂರಕ್ಕೆ ನೂರಾದ ವರ್ಷ ಹಾರ ಹಿಡಿದು ಹೋದ ಸಹೋದ್ಯೋಗಿಗಳಿಗೆ, “ಪಾಠ ಸತ್ತೈತಿ, ಹಾರ ಅದಕ್ಕ ಹಾಕ್ರಿ” ಎಂದರು.

1998ರಲ್ಲಿ ಸೀಮೆಯ ಬೋಧಕರನ್ನು ಕುರಿತ ಈ ಸಂಪುಟಕ್ಕೆ ಒಪ್ಪಿಗೆ ಬೇಡಲು ಹೋದವರನ್ನು ಎರಡು ಸಲ ಹಿಂದಿರುಗಿಸಿದರು. ಮೂರನೆಯ ಸಲ, ತಮ್ಮ ಒಂದು ವಾಕ್ಯವನ್ನು ತಿದ್ದದೆ ಅಚ್ಚು ಮಾಡುವುದಾದರೆ ಆಗಲಿ ಎಂದರು. ಆ ವಾಕ್ಯವಿದು: “ಬಳಗಾನೂರಿನ ಶೇಖಮ್ಮನ ಉತ್ತರದಲ್ಲಿ ತಪ್ಪಿರಲಿಲ್ಲ, ತಪ್ಪು ಕಲಿಸಿದವನದು.” ಅದನ್ನು ಅವಳು ಓದುವಳೆಂಬ ಭರವಸೆ ಅವರಿಗಿಲ್ಲ.

ಪೂಜ್ಯರಿಗೆ ಶಿವನು ದೀರ್ಘಾಯುಷ್ಯವನ್ನೂ, ಮರಳಿ ಕಲಿಸುವ ಮನಸ್ಸನ್ನೂ ಕರುಣಿಸಲಿ. ಇದನ್ನು ಓದುವ, ಓದಿಸಿ ಕೇಳುವ ಎಲ್ಲರ ಮನೆಯ ಮಕ್ಕಳಿಗೂ ವಿದ್ಯೆಯ ಬಾಗಿಲು ಎರಡನೆಯ ಸಲವೂ ತೆರೆದಿರಲಿ, ಸರ್ವರಿಗೂ ಮಂಗಳವಾಗಲಿ.