ಅಕ್ಕನಿಗೆ ಎರೆದ ಬಿಸಿನೀರು

ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ ಹುಟ್ಟಿದವಳು ‘ಬೆರಳಿಗೆ ಹೂವು ಸಿಗುತ್ತಿಲ್ಲ, ಕಟ್ಟಲಾಗುತ್ತಿಲ್ಲ’ ಅಂದರೆ ಯಾರು ನಂಬುತ್ತಾರೆ? ಕೊಟ್ಟೂರಿನ ಅತ್ತೆಮನೆಯವರು ಅಕ್ಕನನ್ನು ನಂಬಲಿಲ್ಲ. ಕೈ ಜೋಮು ಹಿಡಿಯುತ್ತದೆ, ಕಾಲು ಎಳೆಯುತ್ತದೆ, ಒಂದು ಕಣ್ಣು ಮಂಜಾಗುತ್ತದೆ ಅಂದಳು. ಕೆಲವು ವಾರ ಕಳೆಯುವುದರೊಳಗೆ ಎಲ್ಲ ಸರಿಹೋಗಿ ಸರಸರ ನಡೆದಾಡಿದಳು. ಅಲ್ಲಿಗೆ ಕೆಟ್ಟಿತು. ಮತ್ತೊಮ್ಮೆ ಕಾಲು ಸೋತಾಗ, “ಕೆಲಸ ಅಂದ್ರ ಕಾಲು ಬರಂಗಿಲ್ಲ, ಊಟ ಅಂದ್ರ ಬರ್ತಾವ” ಎಂದು ಅವಳತ್ತೆ ತವರಿಗೆ ತಂದು ಬಿಟ್ಟಳು. ಬಂದು ಹೋಗುವ ಕಾಯಿಲೆ ನಮ್ಮ ಜನಕ್ಕೆ ಕಾಯಿಲೆಯೇ ಅಲ್ಲ, ಸೋಗು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅವ್ವನಿಗೆ ಗೊತ್ತಿದ್ದ ಮದ್ದು ಒಂದೇ, ಎರೆಯುವುದು. ಶುಕ್ರವಾರ ಬಂತೆಂದರೆ ಅಕ್ಕನಿಗೆ ಹರಳೆಣ್ಣೆ ತಿಕ್ಕಿ, ಹಂಡೆಯ ಸುಡುನೀರನ್ನು ಮೈ ಕೆಂಪಾಗುವ ಹಾಗೆ ಹೊಯ್ಯುತ್ತಿದ್ದಳು. ಬಚ್ಚಲಿನಿಂದ ಹೊರಗೆ ಬಂದ ಅಕ್ಕ ಗೋಡೆ ಹಿಡಿದು ನಿಲ್ಲುತ್ತಿದ್ದಳು.

“ಯವ್ವಾ, ಕಣ್ಣು ಕಾಣವಲ್ದು.”

“ನೀರಿಗೂ ನೆವ ಹೇಳ್ತಿಯಲ್ಲ! ನರ ಸಡ್ಲ ಆಗ್ಯಾವ, ಶಾಖ ಬೇಕು. ಸುಮ್ನ ಮಲಕ್ಕೊ.”

ಸ್ವಲ್ಪ ಹೊತ್ತು ಮಲಗಿದರೆ ಕಣ್ಣು ತಿಳಿಯಾಗುತ್ತಿತ್ತು. “ನೋಡಿದ್ಯಾ, ನೀರಿನ ಗುಣ” ಎಂದು ಅವ್ವ ಬೀಗುತ್ತಿದ್ದಳು.

ಡಾಕ್ಟರುಗಳೇನು ಕಡಿಮೆಯೇ? ಒಬ್ಬರು ಶಕ್ತಿಯ ಸೂಜಿ ಚುಚ್ಚಿದರು. ಇನ್ನೊಬ್ಬರು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂದು ಕೈತೊಳೆದುಕೊಂಡರು. ಕೊನೆಗೆ ಬಸ್ಸು ಬದಲಿಸುತ್ತ ದೂರದ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿನ ನರರೋಗದ ಡಾಕ್ಟರು ಇಂಥದೇ ಒಂದು ರೋಗದ ಸಂಶೋಧನೆಯಲ್ಲಿದ್ದರು. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರದ ಮೇಲಿನ ಪೊರೆಯನ್ನು ತಿನ್ನುವ ರೋಗವಂತೆ. ಪುಸ್ತಕದಲ್ಲಿ ಅದು ಚಳಿದೇಶದವರ ರೋಗ, ನಮ್ಮಲ್ಲಿ ಅಪರೂಪವಂತೆ. ಹಡಗಲಿಯ ಬಿಸಿಲಿಗೆ ಚಳಿದೇಶದ ರೋಗ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಒಂದು ಪರೀಕ್ಷೆ ಮಾಡಿ ನೋಡೋಣ” ಎಂದು ಅವರು ಅಕ್ಕನನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದರು. ತುಸು ಹೊತ್ತಿನಲ್ಲೇ ಅಕ್ಕ, “ಕಣ್ಣು ಮಂಜಾತ್ರಿ” ಅಂದಳು. ಡಾಕ್ಟರ ಮುಖ ಅರಳಿತು. ಡಾಕ್ಟರಿಕೆ ಓದುವ ಹುಡುಗರನ್ನೆಲ್ಲ ಕರೆದು ತೋರಿಸಿದರು. ಪೊರೆ ಹೋದ ನರ ಶಾಖ ತಗುಲಿದರೆ ಇನ್ನಷ್ಟು ಸೋಲುತ್ತದಂತೆ. ನಾವು ವಾರವಾರವೂ ಬಚ್ಚಲಲ್ಲಿ ಕಂಡಿದ್ದೇ ಅವರಿಗೆ ದೊಡ್ಡ ಪುರಾವೆಯಾಗಿತ್ತು.

“ಔಷಧಿ ಏನು ಕೊಡ್ತೀರಿ?” ಎಂದು ನಾನು ಗದರಿದಂತೆಯೇ ಕೇಳಿದೆ.

“ಜೋರಾದಾಗ ತಗ್ಗಿಸೋಕೆ ಮಾತ್ರೆ ಇದೆಯಮ್ಮ. ಪೂರ್ತಿ ವಾಸಿ ಮಾಡೋದನ್ನ ಇನ್ನೂ ಹುಡುಕ್ತಾ ಇದ್ದಾರೆ. ಬಿಸಿನೀರು ಮಾತ್ರ ಬೇಡ.”

ಇಷ್ಟು ದೂರ ಬಂದು ಸಿಕ್ಕಿದ್ದು ರೋಗಕ್ಕೊಂದು ಹೆಸರು, ಅಷ್ಟೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಅಕ್ಕ ಔಷಧಿಯ ಮಾತೇ ಎತ್ತಲಿಲ್ಲ.

“ಸರ, ನಾ ಸೋಗು ಹಾಕಿಲ್ಲ ಅಂತ ನಮ್ಮವ್ವಗೊಂದು ಮಾತು ಹೇಳ್ರಿ.”

ಅವರು ಹೇಳಿದರು. ಅಕ್ಕನ ತಲೆ ಒರೆಸಲು ಟವೆಲ್ಲು ಹಿಡಿದು ನಿಂತಿದ್ದ ಅವ್ವ ಡಾಕ್ಟರ ಕಡೆ ತಿರುಗಿದಳು.

“ಹೇಳ್ತಿದ್ಲುರಿ” ಅಂದಳು. “ಕಣ್ಣು ಕಾಣವಲ್ದು ಅಂತ ಪ್ರತಿ ಸಲ ಹೇಳ್ತಿದ್ಲುರಿ.”