ಸರಸ್ವತಿ ಕೋಣೆಯ ಇಳಿಜಾರು

ಮಗಳು ಏಳನೇ ತರಗತಿ ಪಾಸಾದ ವಾರವೇ ಕಮಲಾಪುರದ ನಮ್ಮ ಸರಕಾರಿ ಶಾಲೆಯ ಹೆಡ್ ಮಾಸ್ತರರು ಮನೆಗೆ ಬಂದರು. ಮಾಸ್ತರರು ತಾವಾಗಿ ಮನೆಗೆ ಬರುವುದೆಂದರೆ ಸಣ್ಣ ಮಾತೇ? ಹಿಗ್ಗಿ ಚುರುಮುರಿ ಸುಸಲಾ ಮಾಡಿಕೊಟ್ಟೆ, ಚಹಾ ಕೊಟ್ಟೆ. ಎಲ್ಲ ಮುಗಿಸಿ ಬಾಯಿ ಒರೆಸಿಕೊಂಡು ಹೇಳಿದರು:

"ಅಕ್ಕಾರ, ನಿಮ್ಮ ಮಗಳು ಭಾಳ ಶಾಣ್ಯಾಕಿ. ಇನ್ನ ಮ್ಯಾಲ ಆಕಿ ಸಾಲಿಗೆ ಬರೋ ತ್ರಾಸ ತಗೊಳ್ಳೋದೇ ಬ್ಯಾಡ. ಟೀಚರ್ ವಾರಕ್ಕೊಮ್ಮಿ ಮನಿಗೇ ಬಂದು ಕಲಿಸ್ತಾರ."

ಹುಟ್ಟಿದಾಗಿನಿಂದ ಅವಳ ಕಾಲಲ್ಲಿ ಬಲವಿಲ್ಲ, ಗಾಲಿ ಕುರ್ಚಿಯಲ್ಲಿ ಓಡಾಡುತ್ತಾಳೆ. ಏಳನೆಯವರೆಗಿನ ಕ್ಲಾಸುಗಳು ಕೆಳಗಿದ್ದವು. ಹೊಸ್ತಿಲ ಹತ್ತಿರ ಗೆಳತಿಯರು ಕುರ್ಚಿ ಎತ್ತಿ ಒಳಗಿಡುತ್ತಿದ್ದರು. ಎಂಟನೆಯದು ಮಾಳಿಗೆಯ ಮೇಲೆ, ಮೆಟ್ಟಿಲು ಬಿಟ್ಟರೆ ದಾರಿಯಿಲ್ಲ. ಇಷ್ಟು ವರ್ಷ ಶಾಲೆಯೆಂದರೆ ಕುಣಿಯುತ್ತಿದ್ದ ಹುಡುಗಿಗೆ ಇನ್ನು ಮೇಲೆ ಶಾಲೆ ತ್ರಾಸವಾಗುತ್ತದೆಂದು ಅವಳಿಗಿಂತ ಮೊದಲು ಮಾಸ್ತರರಿಗೆ ಹೊಳೆದದ್ದು ದೇವರ ಲೀಲೆಯೇ ಸರಿ.

ಒಳಗಿನಿಂದ ಮಗಳು ಕೂಗಿದಳು: "ಅವ್ವ, ಟೀಚರ್ ಜೋಡಿ ನನ್ನ ಗೆಳತ್ಯಾರೂ ವಾರಕ್ಕೊಮ್ಮಿ ಬರ್ತಾರೇನು ಕೇಳು."

ಮಾಸ್ತರರು ಕೇಳಿಸದವರಂತೆ ಲೋಟದ ತಳ ನೋಡಿದರು.

"ಕ್ಲಾಸೇ ಕೆಳಗ ತರ್ರಿ ಸರ್ರ. ಸರಸ್ವತಿ ಕೋಣಿ ಖಾಲಿ ಅದಲ್ರೀ?" ಎಂದೆ.

ಅವರು ನಾಲಿಗೆ ಕಚ್ಚಿಕೊಂಡರು. ಸರಸ್ವತಿ ಕೋಣೆಯೆಂದರೆ ಶಾಲೆಯ ಪೂಜೆಯ ಕೋಣೆ. ಗೋಡೆಗೆ ದೇವಿಯ ದೊಡ್ಡ ಪಟ. ಶುಕ್ರವಾರ ಪೂಜೆ, ಉಳಿದ ದಿನ ಬೀಗ. ಚಪ್ಪಲಿ ಒಳಗೆ ಹೋಗುವಂತಿಲ್ಲ. ಗಾಲಿ ಕುರ್ಚಿಗೆಂದು ಸರಕಾರ ಕಟ್ಟಿಸಿಕೊಟ್ಟ ಸಿಮೆಂಟಿನ ಇಳಿಜಾರು ಶಾಲೆಯಲ್ಲಿ ಇರುವುದು ಒಂದೇ, ಅದೂ ಈ ಕೋಣೆಯ ಮುಂದೆ. ಮಕ್ಕಳು ಯಾವ ಬಾಗಿಲಿಗೆ ಹೋಗುವುದಿಲ್ಲವೋ ಅದನ್ನು ಹುಡುಕಿ ಕಟ್ಟಿದವರ ಜಾಣತನಕ್ಕೆ ಕೈ ಮುಗಿಯಬೇಕು.

"ಅಕ್ಕಾರ, ರಾಡಿ ತುಳದು ಬರೋ ಗಾಲಿ ಅವು. ಚಪ್ಪಲಿ ಇದ್ದಂಗ. ನೀವು ದೇವರು ದಿಂಡರು ಮಾಡೋರು. ನಿಮಗ ನಾ ಹೇಳಬೇಕೇನ್ರೀ?"

ಸೋಮವಾರ ಒಪ್ಪೊತ್ತು ಇರುವವಳು, ದೀಪ ಹಚ್ಚದೆ ನೀರು ಕುಡಿಯದವಳು ನಾನು. ಎಲ್ಲಿ ಒತ್ತಿದರೆ ಸುಮ್ಮನಾಗುತ್ತೇನೆಂದು ಅವರಿಗೆ ಗೊತ್ತಿತ್ತು. ಮಗಳು ಶಾಲೆಯ ಪಾಟೀಚೀಲವನ್ನು ಮೊಳೆಗೆ ತೂಗುಹಾಕಿದಳು. ಆ ಚೀಲ ಕಂಡಾಗಲೆಲ್ಲ ಜಪದ ಲೆಕ್ಕ ತಪ್ಪುತ್ತಿತ್ತು.

ಕಡೆಗೆ ಅವಳನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಕಲಬುರಗಿಗೆ ಹೋದೆ. ಬಸ್ಸಿನಲ್ಲಿ ಕುರ್ಚಿ ಮಡಚಿ ಇಡಲು ಕಂಡಕ್ಟರ್ ಜಾಗ ಕೊಟ್ಟ, ಅದೊಂದು ಪುಣ್ಯ. ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲದಲ್ಲಿ ಆಟೋದವನು ಬೈದದ್ದು ನಮ್ಮನ್ನಲ್ಲ, ಎದುರಿನವನನ್ನು, ಅದು ಇನ್ನೊಂದು. ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಸಾಹೇಬರ ಕಚೇರಿ ಎಲ್ಲಿ? ಮಾಳಿಗೆಯ ಮೇಲೆ. ಮತ್ತೆಲ್ಲಿರುತ್ತದೆ! ತಂದೆ-ಮಗಳಿಬ್ಬರನ್ನೂ ಬೇವಿನ ಮರದ ಕೆಳಗೆ ಬಿಟ್ಟು ನಾನೊಬ್ಬಳೇ ಹತ್ತಿದೆ. ಸಾಹೇಬರು ಕುರ್ಚಿಯಲ್ಲೇ ಇದ್ದರು. ಇಂಥ ಕೃಪೆ ದಿನಾ ಆಗುವುದಿಲ್ಲ.

ಎಲ್ಲ ಕೇಳಿ ಅವರು ಹೇಳಿದರು: "ಮನಿ ಪಾಠ ಬೇಕಂದವರಿಗೆ ಅದ ರೀ ಅವ್ವಾರ. ಬ್ಯಾಡಂದವರ ಮ್ಯಾಲ ಹೇರಾಕ ಬರಾಂಗಿಲ್ಲ. ಹದಿನೆಂಟು ವರ್ಷದ ತನಕ ಸಮೀಪದ ಸಾಲ್ಯಾಗ ಎಲ್ಲಾರ ಜೋಡಿ ಕೂತು ಕಲಿಯೋದು ಆಕಿ ಹಕ್ಕು. ಆಕಿಗೆ ಮ್ಯಾಲ ಹೋಗಾಕ ಆಗಂಗಿಲ್ಲಂದ್ರ ಕ್ಲಾಸೇ ಕೆಳಗ ಬರಬೇಕು. ಕಾಯ್ದೆ ಹಂಗ ಅದ."

"ಈ ಕಾಯ್ದೆ ನಿಮ್ಮ ಆಫೀಸಿಗೂ ಅದ ಏನ್ರೀ ಸಾಹೇಬ್ರ? ನನ್ನ ಮಗಳು ಕೆಳಗ ಕುಂತಾಳ."

ಅವರು ಕಿಟಕಿಯಿಂದ ಇಣುಕಿ ನಕ್ಕರು. "ನಾವೂ ಮ್ಯಾಲಿನವರಿಗೆ ಕೇಳಾಕತ್ತೀವ್ರೀ" ಎಂದು ನನ್ನೆದುರಿಗೇ ಹೆಡ್ ಮಾಸ್ತರರಿಗೆ ಫೋನ್ ಮಾಡಿದರು.

ಶಾಲೆ ಶುರುವಾದ ದಿನ ಜಿಟಿಜಿಟಿ ಮಳೆ. ಮಗಳನ್ನು ಕರೆದುಕೊಂಡು ಹೋದೆ. ಮಾಸ್ತರರು ಕಟ್ಟೆಯ ಕೆಳಗೇ ತಡೆದರು. "ಸಾಹೇಬ್ರು ಹೇಳ್ಯಾರ, ಖರೆ. ಆದ್ರ ದೇವರ ವಿಷಯ ನೋಡ್ರೀ, ವಿಚಾರ ಮಾಡಬೇಕಾಗ್ತದ."

"ಮಾಡ್ರಿ ಸರ್ರ. ಅಷ್ಟರಾಗ ನಾ ದೇವಿ ದರ್ಶನ ಮಾಡಿ ಬರ್ತೀನಿ" ಎಂದು ಬಿಸಿಯೂಟದ ಅಡುಗೆಯಾಕೆಯನ್ನು ಕರೆದೆ. ಬೀಗದ ಕೈ ಅವಳ ಹತ್ತಿರ ಇರುತ್ತಿತ್ತು. ಕುಂಕುಮದ ಬಟ್ಟಲು ಹಿಡಿದು ನಿಂತ ಹೆಂಗಸಿಗೆ ಯಾರು ತಾನೇ ಇಲ್ಲ ಅಂದಾರು? "ಶುಕ್ರವಾರ ಬಿಟ್ಟು ತೆರ್ಯಾಂಗಿಲ್ರೀ!" ಎಂದು ಮಾಸ್ತರರು ಓಡಿ ಬರುವಷ್ಟರಲ್ಲಿ ಆಕೆ ಬಾಗಿಲು ತೆರೆದಿದ್ದಳು.

ದೇವಿಯ ಪಟದ ಮುಂದೆ, ಸ್ಟ್ಯಾಂಡ್ ಹಾಕಿಕೊಂಡು, ಮಾಸ್ತರರ ಮೋಟರ್ ಸೈಕಲ್ ನಿಂತಿತ್ತು. ಹ್ಯಾಂಡಲಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಇಳಿಜಾರಿನಿಂದ ದೇವಿಯ ಪಾದದವರೆಗೆ ರಾಡಿಯ ಗಾಲಿ ಗುರುತು. ಇಳಿಜಾರು ಸುಮ್ಮನೆ ಬಿದ್ದಿದೆಯೆಂದು ನಾನು ತಿಳಿದದ್ದೇ ತಪ್ಪು. ದಿನಾ ಉಪಯೋಗವಾಗುತ್ತಿತ್ತು.

"ಸರ್ರ, ಇದು ಚಪ್ಪಲಿ ಬಿಚ್ಚಿ ಬಂದದೇನ್ರೀ?"

"ಮಳ್ಯಾಗ ನೆನೀತದಂತ, ಇವತ್ತೊಂದಿನ..."

"ದಿನಾ ಇಡ್ತೀರಲ್ರೀ" ಎಂದಳು ಅಡುಗೆಯಾಕೆ. ಹಿಂದೆ ನಿಂತ ಟೀಚರುಗಳು ಸೆರಗು ಬಾಯಿಗೆ ಒತ್ತಿಕೊಂಡರು.

ನಾನು ಮಗಳ ಗಾಲಿಗಳನ್ನು ಒರೆಸಿ, ಎರಡಕ್ಕೂ ಕುಂಕುಮ ಹಚ್ಚಿ, ಇಳಿಜಾರಿನಿಂದ ಒಳಗೆ ತಳ್ಳಿದೆ. ದೇವಿ ಪಟದಿಂದ ಎದ್ದು ಹೋಗಲಿಲ್ಲ.

ಆ ವಾರವೇ ಎಂಟನೇ ಕ್ಲಾಸು ಕೆಳಗಿಳಿಯಿತು. ಮೋಟರ್ ಸೈಕಲ್ ಈಗ ಅಂಗಳದಲ್ಲಿ ನಿಲ್ಲುತ್ತದೆ. ಕಾಗೆಗಳು ಅದಕ್ಕೆ ದಿನಾ ಅಭಿಷೇಕ ಮಾಡುತ್ತವೆ.

ಸ್ವಲ್ಪ ದಿನದ ಮೇಲೆ ಮಗಳು ಮುಖವೆಲ್ಲ ಬೆಳಕು ಮಾಡಿಕೊಂಡು ಬಂದಳು. "ಅವ್ವ, ಕ್ಲಾಸಿನ್ಯಾಗ ಮಾತಾಡಿದ್ವಿ ಅಂತ ಟೀಚರ್ ನಮ್ಮನ್ನ ಹೊರಗ ಹಾಕಿದ್ರು! ಎಲ್ಲಾರ ಜೋಡಿ ನನ್ನೂ!"

ತಾಯಿಯಾದವಳು ಬೈಯಬೇಕಿತ್ತು. ಬೈದೆ ಕೂಡ, ಸ್ವಲ್ಪ. ಆಮೇಲೆ ಒಳಗೆ ಹೋಗಿ ದೀಪಕ್ಕೆ ಇನ್ನೊಂದು ಬತ್ತಿ ಹಾಕಿದೆ.