ವೀಳ್ಯಕ್ಕಿಂತ ಮೊದಲು ಬರುವ ಐಸಮ್ಮ

ನಾರಾವಿಯ ಬೆಳಗಿಗೆ ಇನ್ನೂ ಪೂರ್ತಿ ಬಣ್ಣ ಬಂದಿಲ್ಲ. ಸುಬ್ಬಯ್ಯ ಶೆಟ್ಟರು ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಾರೆ. ಎದುರಿಗೆ ವೀಳ್ಯದ ಹರಿವಾಣ. ಎಲೆ ಒರೆಸಿಯಾಗಿದೆ, ತೊಟ್ಟು ಮುರಿದಾಗಿದೆ, ಸುಣ್ಣ ಹತ್ತಿದ ಬೆರಳು ಇನ್ನೇನು ಎಲೆಗೆ ತಾಗಬೇಕು. ಅಷ್ಟರಲ್ಲಿ ಅಂಗಳಕ್ಕೆ ಸ್ಕೂಟರೊಂದು ನುಗ್ಗುತ್ತದೆ.

“ಶೆಟ್ರೇ, ಕೈ ತೆಗೀರಿ! ಎಲೆ ಕೆಳಗೆ ಇಡಿ!”

ಕಳ್ಳನನ್ನು ಹಿಡಿಯುವ ಪೊಲೀಸರೂ ಇಷ್ಟು ಗಟ್ಟಿಯಾಗಿ ಕೂಗಲಿಕ್ಕಿಲ್ಲ. ಎಂಬತ್ತರ ಶೆಟ್ಟರು ಎಲೆ ಹಿಡಿದ ಕೈಯನ್ನು ಮಗುವಿನಂತೆ ಬೆನ್ನ ಹಿಂದೆ ಅಡಗಿಸುತ್ತಾರೆ.

“ಬಂದಳಲ್ಲ ನನ್ನ ಶತ್ರು. ಒಂದು ಎಲೆ ಹಾಕಿದರೆ ಆಕಾಶ ಬೀಳ್ತದಾ?”

“ಆಕಾಶ ಬೀಳುವುದಿಲ್ಲ. ನಿಮ್ಮ ಉಗುಳು ಕೆಂಪಾಗಿ ಬೀಳ್ತದೆ. ಆಮೇಲೆ ಲ್ಯಾಬಿನವರ ಬೈಗುಳ ನನಗೆ.”

ತೋಡಾರಿನ ಐಸಮ್ಮನ ದಿನ ಶುರುವಾಗುವುದೇ ಹೀಗೆ. ಮಂಗಳೂರಿನ ಆಸ್ಪತ್ರೆಯೊಂದು ಕ್ಯಾನ್ಸರ್ ಬಂದವರ ಮತ್ತು ಅವರ ನೆಂಟರ ವಂಶವಾಹಿಗಳನ್ನು, ಅಂದರೆ ಜೀನುಗಳನ್ನು, ಓದಿ ನೋಡುವ ಅಧ್ಯಯನ ನಡೆಸುತ್ತಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಿಗೆ ಹೋಗಿ, ಯಾರಿಗೆ ಯಾವ ಕ್ಯಾನ್ಸರ್ ಬಂದಿತ್ತು ಎಂದು ವಿಚಾರಿಸಿ, ಒಪ್ಪಿದವರ ರಕ್ತವನ್ನೋ ಉಗುಳನ್ನೋ ತರುವುದು ಐಸಮ್ಮನ ಪಾಲಿನ ಕೆಲಸ. ಉಗುಳು ಕೊಡುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಜಗಿಯಬಾರದು. ಎದ್ದಾಗಿನಿಂದ ಮಲಗುವ ತನಕ ಬಾಯಿ ಕೆಂಪಾಗಿಯೇ ಇರುವ ಇಲ್ಲಿನ ಹಿರಿಯರಿಗೆ ಅರ್ಧ ಗಂಟೆ ಎಂದರೆ ಒಂದು ಯುಗ. ಹಾಗಾಗಿ ನಸುಕಿನ ಸುಬಹಿ ನಮಾಜು ಮುಗಿಸಿದವರೇ ಐಸಮ್ಮ ಸ್ಕೂಟರ್ ಹತ್ತುತ್ತಾರೆ. “ವೀಳ್ಯಕ್ಕಿಂತ ಮೊದಲು ನಾನು ಮುಟ್ಟಬೇಕು. ವೀಳ್ಯ ಗೆದ್ದರೆ ಆ ದಿನ ನನಗೆ ಸೋಲು.”

ವಿಜ್ಞಾನದ ದೊಡ್ಡ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಬಿಳಿ ಕೋಟು ಕಾಣುತ್ತದೆ, ಹೊಳೆಯುವ ಯಂತ್ರ ಕಾಣುತ್ತದೆ, ರಿಬ್ಬನ್ ಕತ್ತರಿಸುವ ಮಂತ್ರಿಯ ಕೈ ಕಾಣುತ್ತದೆ. ಆ ಯಂತ್ರದ ಹೊಟ್ಟೆಗೆ ಉಣಿಸಲು ಉಗುಳು ತಂದವರು ಕಾಣುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಡಬ್ಬಿ ಬಿಡದೆ ಓಡಿದ ಹೆಂಗಸು ಕಾಣುವುದಿಲ್ಲ. ವರ್ಷದ ಗುತ್ತಿಗೆ ಮುಂದುವರಿದರೆ ಕೆಲಸ, ಇಲ್ಲದಿದ್ದರೆ ಮನೆ. ಅಂಥ ಹಗ್ಗದ ಮೇಲೆ ನಿಂತವರಿಂದ ನಾವು ನಮ್ಮ ಆಯುಸ್ಸು ಗಟ್ಟಿ ಮಾಡಿಸಿಕೊಳ್ಳುತ್ತಿದ್ದೇವೆ. ನಾಡಿಗೆ ನಾಚಿಕೆ ಎಂಬುದು ಉಳಿದಿದ್ದರೆ ಅದು ನಾಚಬೇಕಾದ ಜಾಗ ಇದು. ಐಸಮ್ಮನ ಮುಂದೆ ಈ ಮಾತು ತೆಗೆದರೆ ಅವರು ನಗುತ್ತಾರೆ. “ನಾಚಿಕೆ ಎಲ್ಲ ಆಮೇಲೆ ಮಾಡುವ. ಮೊದಲು ಶೆಟ್ರು ಬಾಯಿ ಮುಕ್ಕಳಿಸಲಿ.”

ಸ್ಕೂಟರ್ ಗಂಡ ಅಬ್ದುಲ್ ಶುಕೂರ್ ಅವರದ್ದು. ಮೊದಲು ಅವರು ಅದರಲ್ಲಿ ಊರೂರು ತಿರುಗಿ ಮೀನು ಮಾರುತ್ತಿದ್ದರು. ಈಗ ಮೂಡುಬಿದಿರೆ ಮಾರ್ಕೆಟಿನಲ್ಲಿ ಕುಳಿತು ಮಾರುತ್ತಾರೆ. ಸ್ಕೂಟರು ಹೆಂಡತಿಯ ಪಾಲಿಗೆ ಬಂತು, ವಾಸನೆಯೂ ಜೊತೆಗೇ ಬಂತು. ಹಿಂದೆ ಕಟ್ಟಿದ ಐಸ್ ಡಬ್ಬಿಯಲ್ಲಿ ಇರುವುದು ರಕ್ತದ ಕೊಳವೆಗಳು. ಆದರೆ ಶಿರ್ತಾಡಿಯ ಬೆಕ್ಕುಗಳಿಗೆ ಅದು ಗೊತ್ತಿಲ್ಲ. ಕೆಲವು ಅಕ್ಕಂದಿರಿಗೂ ಗೊತ್ತಿಲ್ಲ. ಹಾರನ್ ಕೇಳಿದ್ದೇ ಪಾತ್ರೆ ಹಿಡಿದು ಗೇಟಿಗೆ ಬರುತ್ತಾರೆ.

“ಐಸಮ್ಮ, ಬಂಗುಡೆ ಉಂಟಾ?”

“ಬಂಗುಡೆ ಇಲ್ಲ, ಐಸ್ ಉಂಟು. ನಿಮ್ಮ ರಕ್ತ ಕೊಡುವುದಾದರೆ ಕೊಡಿ, ಇಡ್ತೇನೆ.”

ದಿನಕ್ಕೆ ನಾಲ್ಕೈದು ಮನೆ ಆಗುತ್ತದೆ. ಅರ್ಧ ಮನೆಗಳಲ್ಲಿ ಚಹಾ ಸಿಗುತ್ತದೆ, ಉಳಿದರ್ಧದಲ್ಲಿ ಬಾಗಿಲು ತೆರೆಯುವುದಿಲ್ಲ. ಕ್ಯಾನ್ಸರ್ ಎಂಬ ಹೆಸರು ಹೊಸಿಲು ದಾಟಿದರೆ ಮಗಳ ಮದುವೆ ನಿಲ್ಲುತ್ತದೆ ಎಂಬ ಭಯ. ಆ ಭಯ ಐಸಮ್ಮನಿಗೆ ಹೊರಗಿನದಲ್ಲ. ಅವರ ಅಕ್ಕ ಬೀಪಾತುಮ್ಮ ಎದೆಯ ಗಂಟನ್ನು ತುಂಬಾ ಕಾಲ ಶಾಲಿನ ಒಳಗೆ ಅಡಗಿಸಿಟ್ಟರು. ಅಕ್ಕತಂಗಿ ಇಬ್ಬರೂ ಎದುರುಬದುರು ಕುಳಿತು ಬೀಡಿ ಕಟ್ಟುತ್ತಿದ್ದವರು. ಎದುರಿಗೇ ಕುಳಿತ ತಂಗಿಗೂ ಗೊತ್ತಾಗಲಿಲ್ಲ. ಗೊತ್ತಾದಾಗ ಆಸ್ಪತ್ರೆಯಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. “ಅಕ್ಕನಲ್ಲಿ ಯಾರಾದರೂ ಬಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಅದಕ್ಕೆ ನಾನು ಕೇಳ್ತಾ ಹೋಗ್ತೇನೆ,” ಎನ್ನುತ್ತಾರೆ ಐಸಮ್ಮ. ಬೀಡಿಯ ಮೊರ ಪಕ್ಕಕ್ಕಿಟ್ಟು ಈ ಕೆಲಸಕ್ಕೆ ಸೇರಿದ್ದು ಆಮೇಲೆ.

ಬೀಡಿ ಬಿಟ್ಟರೂ ಬೀಡಿ ಅವರನ್ನು ಬಿಟ್ಟಿಲ್ಲ. ಜೀನು ಎಂದರೇನು ಎಂದು ಕೇಳಿದವರಿಗೆ ಅವರು ಹೇಳುವುದು ಹೀಗೆ: “ಬೀಡಿ ಎಲೆ ಕತ್ತರಿಸಲಿಕ್ಕೆ ತಗಡಿನ ಅಳತೆ ಉಂಟಲ್ಲ, ಎಲೆಯ ಮೇಲಿಟ್ಟು ಸುತ್ತ ಕತ್ತರಿ ಹಾಕುವುದು. ಆ ತಗಡಿನ ಒಂದು ಮೂಲೆ ಬಗ್ಗಿದರೆ? ಎಲೆ ಎಷ್ಟು ಒಳ್ಳೆಯದಾದರೂ ಮೂಲೆ ವಕ್ರವೇ ಬರ್ತದೆ. ಎಲ್ಲರ ಮೈಯಲ್ಲೂ ಅಂಥ ತಗಡು ಎರಡೆರಡು ಉಂಟು, ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ನಮ್ಮ ಮಕ್ಕಳಿಗೆ ಅದರಲ್ಲಿ ಯಾವುದಾದರೂ ಒಂದು ಹೋಗ್ತದೆ. ಬಗ್ಗಿದ್ದು ಹೋಯ್ತಾ, ನೆಟ್ಟಗಿದ್ದದ್ದು ಹೋಯ್ತಾ, ನೋಡಿದರೆ ಮಾತ್ರ ಗೊತ್ತಾಗುವುದು.”

ಸುಬ್ಬಯ್ಯ ಶೆಟ್ಟರ ಮಗಳು ಸ್ವರ್ಣಲತಾ ಇರುವುದು ಶಿರ್ತಾಡಿಯಲ್ಲಿ. ಐವತ್ತು ದಾಟಿದ ಮೇಲೆ ಸ್ತನ ಕ್ಯಾನ್ಸರ್ ಬಂದು ಆಪರೇಷನ್ ಆಯಿತು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಬಂದದ್ದುಂಟೇ ಎಂಬ ಐಸಮ್ಮನ ಪ್ರಶ್ನೆಗೆ ಆಗ ಅವರು ಅಜ್ಜಿ, ಮುತ್ತಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರ ಹೆಸರು ಒಂದೂ ಬಿಡದೆ ಹೇಳಿದ್ದರು. ಎಲ್ಲರೂ ಮುದುಕಿಯರಾಗಿ ತೀರಿಕೊಂಡ ಗಟ್ಟಿ ಹೆಂಗಸರು, ಒಬ್ಬರಿಗೂ ಕ್ಯಾನ್ಸರ್ ಇಲ್ಲ. ಹಾಗಾಗಿ ಜೀನ್ ಪರೀಕ್ಷೆಯ ಮಾತು ಅಲ್ಲಿಗೇ ನಿಂತಿತು. ಎರಡು ವರ್ಷದಲ್ಲಿ ಕಾಯಿಲೆ ಮೂಳೆಗೆ ಇಳಿದು ತಿರುಗಿ ಬಂತು. ಕೀಮೋ ಚುಚ್ಚುಮದ್ದಿನಿಂದ ಮೈ ಬಾಡಿತು, ಕೂದಲು ಹೋಯಿತು, ಗಡ್ಡೆ ಮಾತ್ರ ಜಗ್ಗಲಿಲ್ಲ. ನೋಡಿ ಬರೋಣವೆಂದು ಐಸಮ್ಮ ಹೋದ ದಿನ ಶೆಟ್ಟರೂ ಮಗಳ ಮನೆಗೆ ಬಂದಿದ್ದರು.

“ನನ್ನ ತಂಗಿಯರೂ ಹೀಗೇ ಒಣಗಿದ್ದು,” ಎಂದರು ಶೆಟ್ಟರು, ಯಾರಿಗೂ ಅಲ್ಲದಂತೆ.

ಐಸಮ್ಮ ಚಹಾದ ಲೋಟ ಕೆಳಗಿಟ್ಟರು. “ಯಾವ ತಂಗಿಯರು?”

“ಒಬ್ಬಳಿಗೆ ಎದೆಯಲ್ಲಿ ಹುಣ್ಣು. ಇನ್ನೊಬ್ಬಳಿಗೆ ಹೊಟ್ಟೆ ಊದಿತು. ಇಬ್ಬರೂ ಐವತ್ತು ಕಾಣಲಿಲ್ಲ.”

“ಸ್ವರ್ಣಕ್ಕ! ಇದನ್ನು ನೀವು ಹೇಳಲೇ ಇಲ್ಲವಲ್ಲ ಮಾರಾಯ್ರೆ!”

“ನೀವು ಕೇಳಿದ್ದು ನಮ್ಮ ಕುಟುಂಬದ್ದಲ್ವಾ? ಅವರು ಅಪ್ಪನ ಕುಟುಂಬ,” ಎಂದರು ಸ್ವರ್ಣಲತಾ, ಇದರಲ್ಲಿ ಕೇಳಲಿಕ್ಕೇನುಂಟು ಎಂಬ ಹಾಗೆ.

ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ಇಳಿಯುವುದು ತಾಯಿಯಿಂದ ಮಗಳಿಗೆ. ಮಕ್ಕಳು ತಾಯಿಯ ಕುಟುಂಬದವರು, ತಂದೆ ತನ್ನ ತಾಯಿಯ ಕುಟುಂಬದವನು. ತಂದೆಯ ತಂಗಿಯರು ಪ್ರೀತಿಯ ಅತ್ತೆಯಂದಿರು ಹೌದು, ಕುಟುಂಬದವರಲ್ಲ. ಕಾನೂನು ಬದಲಾಗಿದೆ, ಆಸ್ತಿ ಹಂಚುವ ರೀತಿ ಬದಲಾಗಿದೆ, ಮನಸ್ಸಿನೊಳಗಿನ ಈ ಗೆರೆ ಬದಲಾಗಿಲ್ಲ. ಜೀನಿಗೆ ಆ ಗೆರೆ ಕಾಣುವುದಿಲ್ಲ, ಅದು ಅಪ್ಪನ ದಾರಿಯಲ್ಲೂ ಬರುತ್ತದೆ. ಇನ್ನೊಂದನ್ನೂ ಹೇಳಲೇಬೇಕು: ಹೆಣ್ಣಿನಿಂದಲೇ ನಮ್ಮ ಕುಟುಂಬ ಎಂದು ಎದೆ ತಟ್ಟಿಕೊಳ್ಳುವ ಮನೆಗಳಲ್ಲೇ ಹೆಣ್ಣಿನ ಎದೆಯ ಗಂಟು ಬಾಯಿಗೆ ಬಾರದ ಮಾತು. ಆ ಇಬ್ಬರು ತಂಗಿಯರು ಸತ್ತದ್ದು ಕಾಯಿಲೆಯಿಂದ ಎಷ್ಟೋ, ಈ ಮೌನದಿಂದಲೂ ಅಷ್ಟೇ.

ಐಸಮ್ಮ ಅಂಗಳದಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದರು. ಸ್ವರ್ಣಲತಾ ಅವರ ರಕ್ತ ಪರೀಕ್ಷೆಗೆ ಹೋಯಿತು. ತಗಡಿನ ಮೂಲೆ ಬಗ್ಗಿರುವುದು ನಿಜವಾಯಿತು. ಸ್ತನದ ಕ್ಯಾನ್ಸರನ್ನೂ ಅಂಡಾಶಯದ ಕ್ಯಾನ್ಸರನ್ನೂ ತರುವ ದೋಷ ಅದು; ಒಬ್ಬ ತಂಗಿಯ ಹೊಟ್ಟೆ ಊದಿದ್ದೂ ಅದರಿಂದಲೇ ಇರಬೇಕು. ಕೆಟ್ಟ ಸುದ್ದಿಯೊಳಗೆ ಒಳ್ಳೆಯ ಸುದ್ದಿಯೂ ಇತ್ತು. ಈ ದೋಷ ಇದ್ದವರ ಕ್ಯಾನ್ಸರ್ ಕೋಶಗಳಿಗೆ ತಮ್ಮ ಗಾಯ ರಿಪೇರಿ ಮಾಡಿಕೊಳ್ಳುವ ಒಂದು ದಾರಿ ಮೊದಲೇ ಮುಚ್ಚಿರುತ್ತದೆ. ಉಳಿದ ದಾರಿಯನ್ನೂ ಮುಚ್ಚಿ ಆ ಕೋಶಗಳನ್ನು ಸಾಯಿಸುವ ಗುಳಿಗೆ ಈಗ ಬಂದಿದೆ. ಒಬ್ಬರ ಜೀನು ನೋಡಿ ಅವರಿಗೇ ಹೊಂದುವ ಔಷಧ ಕೊಡುವುದೆಂದರೆ ಇದು. ಸ್ವರ್ಣಲತಾ ಅವರಿಗೆ ಗುಳಿಗೆ ಸಿಕ್ಕಿದ್ದು ಅಧ್ಯಯನದ ಕಡೆಯಿಂದ. ಎಲ್ಲರಿಗೂ ಅದು ಸಿಗಬೇಕಾದ್ದು ತಾಲೂಕು ಆಸ್ಪತ್ರೆಯ ಕಿಟಕಿಯಲ್ಲಿ; ಅಲ್ಲಿಯ ತನಕ ಈ ವಿಜ್ಞಾನ ಅರ್ಧ ದಾರಿಯಷ್ಟೇ ಬಂದಂತೆ.

ಪೂರ್ತಿ ಗುಣವಾಯಿತು ಎಂದು ಡಾಕ್ಟರು ಹೇಳುವುದಿಲ್ಲ. ಆದರೆ ಸ್ಕ್ಯಾನಿನಲ್ಲಿ ಗಡ್ಡೆಗಳು ಕುಗ್ಗಿವೆ. ಮಂಚ ಹಿಡಿದಿದ್ದ ಸ್ವರ್ಣಲತಾ ಈಗ ಕಾವಲಿಯ ಮುಂದೆ ನಿಂತು ನೀರುದೋಸೆ ಹುಯ್ಯುತ್ತಾರೆ. ಕೂದಲೂ ಬಂದಿದೆ. “ಮೊದಲು ನೆಟ್ಟಗಿತ್ತು, ಈಗ ನೋಡಿ ಗುಂಗುರು! ಇದೂ ಅಪ್ಪನ ಕುಟುಂಬದ್ದೇ ಇರಬೇಕು,” ಎಂದು ನಗುತ್ತಾರೆ.

ನಗಲಾರದೆ ಹೋದವರು ಶೆಟ್ಟರು. “ನನ್ನಿಂದ ಹೋದದ್ದಾ ಇದು, ಮಗಳಿಗೆ?” ಎಂದು ಅವರು ಕೇಳಿದಾಗ ಐಸಮ್ಮ ಹೇಳಿದ್ದಿಷ್ಟೆ: “ನಿಮ್ಮಿಂದ ಅಲ್ಲ ಶೆಟ್ರೇ, ನಿಮ್ಮ ದಾರಿಯಾಗಿ ಹೋಯ್ತು. ದಾರಿಯದ್ದು ಏನು ತಪ್ಪು?” ಗಂಡಸರಿಗೂ ಈ ದೋಷದಿಂದ ಕೆಲವು ಕ್ಯಾನ್ಸರ್ ಬರುವುದುಂಟು. ಅದಕ್ಕೇ ಈ ಬೆಳಿಗ್ಗೆ, ವೀಳ್ಯಕ್ಕಿಂತ ಮೊದಲು, ಅವರ ಸರದಿ.

ಕೊಳವೆಯ ಗೆರೆಯ ತನಕ ತುಂಬಿಸಿ ಶೆಟ್ಟರು ತಲೆ ಎತ್ತುತ್ತಾರೆ. ಇನ್ನು ವೀಳ್ಯ ಹಾಕಬಹುದು. ಆದರೆ ಮಡಿಸಿದ ಎಲೆಯನ್ನು ಅವರು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದ್ದು ನಿಲ್ಲುತ್ತಾರೆ. “ನಡಿ, ನಿಖಿತಾಳಲ್ಲಿಗೆ ಹೋಗುವ.”

ನಿಖಿತಾ ಹೊಟ್ಟೆ ಊದಿ ತೀರಿಕೊಂಡ ತಂಗಿಯ ಮಗಳು. ಮೂವತ್ತು ದಾಟಿದೆ. ನಾರಾವಿಯಲ್ಲೇ ಶಾಲಾ ಟೀಚರ್. ಎರಡು ಸಲ ಐಸಮ್ಮನ ಮುಖ ಕಂಡು ಬಾಗಿಲು ಹಾಕಿದವರು. ಈ ಮನೆಗಳಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು ಎಂಬುದು ಐಸಮ್ಮನಿಗೆ ಗೊತ್ತಿದೆ. ಹಾಗೆ ಮೀನಿನ ವಾಸನೆಯ ಸ್ಕೂಟರಿನ ಹಿಂದೆ, ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಸುಬ್ಬಯ್ಯ ಶೆಟ್ಟರ ಸವಾರಿ ಹೊರಡುತ್ತದೆ. ಅಂಗಡಿ ತೆಗೆಯುತ್ತಿದ್ದವರು ಕೈಯಲ್ಲಿದ್ದ ಬೀಗ ಮರೆತು ನೋಡುತ್ತಾರೆ. “ಏನು ನೋಡುವುದು? ಬಂಗುಡೆ ಉಂಟು, ಬೇಕಾ?” ಎಂದು ಶೆಟ್ಟರೇ ಕೂಗುತ್ತಾರೆ.

ನಿಖಿತಾ ಬಾಗಿಲಲ್ಲೇ ತಡೆಯುತ್ತಾರೆ. “ಮಾವ, ನೀವೂ ಇವರ ಪಾರ್ಟಿಗೆ ಸೇರಿದ್ರಾ?”

ಶೆಟ್ಟರು ಜಗಲಿಯಲ್ಲಿ ಕುಳಿತು, ಕಿಸೆಯಿಂದ ಎಲೆ ತೆಗೆದು ಮುಂದಿಡುತ್ತಾರೆ. “ನೀನು ಆ ಕೊಳವೆಗೆ ಉಗಿಯುವ ತನಕ ನಾನು ಇದನ್ನು ಬಾಯಿಗೆ ಹಾಕುವುದಿಲ್ಲ.”

“ಹಾಕಬೇಡಿ. ಹಲ್ಲಿಗೆ ಒಳ್ಳೆಯದು.”

ಮೂವರಿಗೂ ನಗು ತಡೆಯುವುದಿಲ್ಲ. ನಗು ಮುಗಿದಲ್ಲಿ ನಿಖಿತಾ ಮೆಲ್ಲಗೆ ಕೇಳುತ್ತಾರೆ, “ಉಂಟು ಅಂತ ಗೊತ್ತಾದರೆ ಆಮೇಲೆ ನಿದ್ದೆ ಬರ್ತದಾ ಐಸಮ್ಮ?”

“ಈಗ ಬರ್ತದಾ?”

ನಿಖಿತಾ ಬಾಗಿಲು ಬಿಟ್ಟು ಬಂದು ಜಗಲಿಯ ಅಂಚಿನಲ್ಲಿ ಕೂರುತ್ತಾರೆ. ಶೆಟ್ಟರು ಎಲೆಯನ್ನೇ ನೋಡುತ್ತಾ ಹೇಳುತ್ತಾರೆ, “ನಿನ್ನ ಅಮ್ಮನಿಗೆ ನೋವು ಬಂದಾಗ ಯಾರಿಗೂ ಹೇಳಬೇಡ ಅಂತ ಹೇಳಿದ್ದು ನಾವು ದೊಡ್ಡವರು. ಈಗ ನಾನೇ ಹೇಳ್ತೇನೆ. ನೋಡು ಮಗಾ. ನೋಡಿಬಿಡು.”

ನಿಖಿತಾ ಕೈ ಚಾಚುತ್ತಾರೆ. ಕೊಳವೆ ಸಿಕ್ಕಿತು, ಉಗುಳು ಬರುವುದಿಲ್ಲ; ಹೆದರಿಕೆಗೆ ಬಾಯಿ ಒಣಗಿದೆ. ಐಸಮ್ಮನಲ್ಲಿ ಇದಕ್ಕೂ ಉಪಾಯ ಉಂಟು. “ಟೀಚರೇ, ಕಣ್ಣು ಮುಚ್ಚಿ. ಎಳೆ ಮಾವಿನಕಾಯಿ. ಈಗಷ್ಟೆ ಕಡಿದದ್ದು. ಅದಕ್ಕೆ ಕಲ್ಲುಪ್ಪು, ಜೀರಿಗೆಮೆಣಸು...” ಕೊಳವೆ ತುಂಬುತ್ತದೆ. ಬಾಯಲ್ಲಿ ನೀರು ಬಂದದ್ದು ನಿಖಿತಾಗೆ ಮಾತ್ರವಲ್ಲ. “ನನಗೆ ಇನ್ನೊಂದು ಕೊಳವೆ ಕೊಡು ಮಾರಾಯ್ತಿ,” ಎನ್ನುತ್ತಾರೆ ಶೆಟ್ಟರು, ಬಾಡಿದ ವೀಳ್ಯ ಬಾಯಿಗಿಡುತ್ತಾ.

ಫಲಿತಾಂಶ ಬಂದದ್ದು ಕೆಲವು ವಾರಗಳ ಮೇಲೆ; ಅದನ್ನು ಹೇಳುವುದು ಡಾಕ್ಟರ ಕೆಲಸ. ಶೆಟ್ಟರಲ್ಲಿ ದೋಷ ಇರುವುದು ಖಚಿತವಾಯಿತು, ಅದು ನಿರೀಕ್ಷಿಸಿದ್ದೇ. ನಿಖಿತಾ ಅವರಲ್ಲೂ ಇದೆ. ಆದರೆ ತಕ್ಷಣ ಮಾಡಿದ ಸ್ಕ್ಯಾನಿನಲ್ಲಿ ಗಂಟಿಲ್ಲ, ಗಡ್ಡೆಯಿಲ್ಲ. ಇನ್ನು ವರ್ಷ ವರ್ಷ ತಪ್ಪದೆ ನೋಡಿಸಿಕೊಳ್ಳಬೇಕು. ಮುಂದೇನು ಮಾಡುವುದೆಂದು ಡಾಕ್ಟರೊಂದಿಗೆ ಕುಳಿತು ಮಾತಾಡಲು ಅವರಿಗೆ ಸಮಯವಿದೆ. ಅವರ ಅಮ್ಮನಿಗೆ ಇಲ್ಲದೆ ಹೋದದ್ದು ಅದೊಂದೇ.

ಇವತ್ತು ಸಂಜೆ ಐಸಮ್ಮನ ಫೋನು ಹೊಡೆದುಕೊಂಡಿತು. ಎರಡು ಸಲ ಬಾಗಿಲು ಹಾಕಿದ ಟೀಚರೇ ಮಾತಾಡಿದ್ದು. “ಐಸಮ್ಮ, ಅಣ್ಣ ಶಿಶಿರ್ ದುಬೈಯಿಂದ ಬಂದಿದ್ದಾನೆ. ಬೇಡ ಅಂತ ಹಟ ಮಾಡ್ತಿದ್ದ, ನಾನೇ ಒಪ್ಪಿಸಿದೆ. ಬೆಳಿಗ್ಗೆ ಬನ್ನಿ, ಚಹಾ ಕೊಡದೆ ಕೂರಿಸಿರ್ತೇನೆ.”

ಈ ಕೆಲಸದಲ್ಲಿ ನಿಮಗೆ ಇನ್ನೇನಾಗಬೇಕು ಎಂದು ಕೇಳಿದರೆ ಐಸಮ್ಮ ಐಸ್ ಡಬ್ಬಿ ತೊಳೆಯುತ್ತಲೇ ಹೇಳುತ್ತಾರೆ. “ಮುಚ್ಚಿದ ಬಾಗಿಲಿನ ಒಳಗಿಂದಲೇ ಈಗ ಫೋನ್ ಬರ್ತದೆ, ಬನ್ನಿ ಅಂತ. ಇನ್ನೇನಾಗಬೇಕು? ಅಕ್ಕ ಇದ್ದಿದ್ದರೆ ಅವಳಿಗೆ ಹೇಳ್ತಿದ್ದೆ.” ಮತ್ತೆ ಡಬ್ಬಿ ಕವುಚಿಡುತ್ತಾ, “ನಾಳೆ ಇನ್ನೂ ಬೇಗ ಹೊರಡಬೇಕು. ಆ ಶಿಶಿರ್ ಎದ್ದ ಕೂಡಲೇ ಸಿಗರೇಟು ಹಚ್ಚುವವನಂತೆ. ಬೆಂಕಿಪೆಟ್ಟಿಗೆಗಿಂತ ಮೊದಲು ನಾನು ಮುಟ್ಟಬೇಕು.”